ನಿಮ್ಮ ಬೀದಿ ಪಕ್ಕದ ಸರ್ಕಾರಿ ಜಾಗದಲ್ಲಿ ಮನೆ ಕಟ್ಟುವ ಫೈಲು ಪಾಲಿಕೆಗೆ ಬಂದರೆ ಏನು ಮಾಡಬೇಕು

ಮೈಸೂರಿನಲ್ಲಿ ನಮ್ಮ ಬಡಾವಣೆಯ ಕೊನೆಗೆ ಒಂದು ಬಯಲಿದೆ. ಸಂಜೆ ಹುಡುಗರು ಕ್ರಿಕೆಟ್ ಆಡುತ್ತಾರೆ, ಒಂದು ಮೂಲೆಯಲ್ಲಿ ಯಾರದೋ ಹಳೇ ಮನೆ ಒಡೆದ ಇಟ್ಟಿಗೆ ಚೂರು, ಜೋರು ಮಳೆ ಬಂದರೆ ಅರ್ಧ ಬಯಲು ನೀರು. ಒಂದು ಬೆಳಗ್ಗೆ ಸರ್ವೆಯವರು ಬಂದು ಸುಣ್ಣದ ಗೆರೆ ಎಳೆದು ಹೋದರು. ಮಾರನೇ ದಿನಕ್ಕೆ ಟೀ ಅಂಗಡಿಯಲ್ಲಿ 3 ಸುದ್ದಿ. ಬಡವರಿಗೆ ಜಿ ಪ್ಲಸ್ ತ್ರೀ, ಅಂದರೆ ನೆಲಮಹಡಿ ಮೇಲೆ ಮೂರು ಮಹಡಿಯ ಮನೆ ಕಟ್ಟುತ್ತಾರಂತೆ. ಇಲ್ಲ, ಯಾವನೋ ಬಿಲ್ಡರಿಗೆ ಕೊಟ್ಟಾಗಿದೆಯಂತೆ. ಅದೆಲ್ಲ ಸುಳ್ಳು, ಪಾರ್ಕ್ ಬರುತ್ತಂತೆ.

ನಾವು ಮಾಡಿದ್ದು ಏನು ಗೊತ್ತಾ? 2 ಪುಟ ತುಂಬ ಸಿಟ್ಟು ಬರೆದು, 60 ಸಹಿ ಹಾಕಿಸಿ, ಒಂದು ಕಚೇರಿಯಲ್ಲಿ ಕೊಟ್ಟು ಬಂದೆವು. 2 ತಿಂಗಳು ಸುದ್ದಿ ಇಲ್ಲ. ಹೋಗಿ ಕೇಳಿದರೆ ಕೇಸ್ ವರ್ಕರ್ ಫೈಲು ತಿರುವಿ, "ಸಾರ್, ನೀವು ಬರೆದಿರೋ ಸರ್ವೆ ನಂಬರ್ ಪಕ್ಕದ್ದು. ಜಾಗ ನಮ್ಮದೂ ಅಲ್ಲ" ಅಂದರು. 60 ಸಹಿ ದಂಡ. ಅರ್ಜಿಯನ್ನು ಸರಿಯಾದ ಕಡೆಗೆ ಕಳಿಸುವ ಕಷ್ಟವನ್ನೂ ಆ ಕಚೇರಿ ತೆಗೆದುಕೊಂಡಿರಲಿಲ್ಲ, ಅದು ಬೇರೆ ವಿಷಯ.

ಆ ಪೆಟ್ಟು ತಿಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಭೆಯ ದಿನ ಬಾಗಿಲಲ್ಲಿ ನಿಂತು ಕೂಗಿದರೆ ಫೋಟೋ ಬರುತ್ತದೆ, ಅಷ್ಟೇ. ಫೈಲು ಸಭೆಗೆ ಹೋಗುವ ಮುಂಚೆ ಜಾಗದ ಕಾಗದ ನೋಡಿಕೊಂಡು, ಇಂಥಿಂಥ ಷರತ್ತು ಹಾಕಿ ಅಂತ ಬರೆದು ಕೊಟ್ಟವರ ಮಾತು ಮಾತ್ರ ಕೊನೆಗೆ ನಿರ್ಣಯದ ಒಳಗೆ ಬರುತ್ತದೆ.

ಮೊದಲು ಸರ್ವೆ ನಂಬರ್, ಆಮೇಲೆ ಸಿಟ್ಟು

ಫೋನಿಗೆ ದಿಶಾಂಕ್ ಆಪ್ ಹಾಕಿಕೊಳ್ಳಿ. ಜಾಗದಲ್ಲಿ ನಿಂತು ತೆರೆದರೆ ನೀವು ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಆದರೆ ಬಯಲಿನ ಅಂಚಿನಲ್ಲಿ ನಿಂತು ನೋಡಬೇಡಿ. ನಾವು ತಪ್ಪಿದ್ದೇ ಅಲ್ಲಿ. ಕಾಂಪೌಂಡಿನ ನೆರಳಲ್ಲಿ ನಿಂತು ನೋಡಿದೆವು, ಚುಕ್ಕಿ ಜಾರಿ ಪಕ್ಕದ ನಂಬರಿಗೆ ಕೂತಿತ್ತು. ಎರಡನೇ ಸಲ ಸಂಜೆ ಹೋಗಿ, ಹುಡುಗರ ಆಟ ನಿಲ್ಲಿಸಿ, ಪಿಚ್ ಮಧ್ಯೆ ಒಂದು ಸಲ, ನಾಲ್ಕೂ ಮೂಲೆಯಿಂದ ಹತ್ತು ಹೆಜ್ಜೆ ಒಳಗೆ ಒಂದೊಂದು ಸಲ, ಹೀಗೆ 5 ಕಡೆ ಸ್ಕ್ರೀನ್‌ಶಾಟ್ ತೆಗೆದೆವು. ಬಯಲು ಒಂದೇ ಅಂದುಕೊಂಡಿದ್ದೆವು, ಅದರಲ್ಲಿ 2 ಸರ್ವೆ ನಂಬರ್ ಇತ್ತು! ಮಳೆಗೆ ನೀರು ನಿಲ್ಲುವ ಅರ್ಧ ಒಂದು ನಂಬರು, ಒಣಗಿರುವ ಅರ್ಧ ಇನ್ನೊಂದು.

ನಂಬರ್ ಸಿಕ್ಕ ಮೇಲೆ ಕಂದಾಯ ಇಲಾಖೆಯ ಭೂಮಿ ಪೋರ್ಟಲಿನಲ್ಲಿ ಪಹಣಿ ತೆಗೆಯಿರಿ. ಕಾಲಂ 3, 9, 11 ನೋಡಿದರೆ ಸಾಕು. 9ರಲ್ಲಿ ಯಾರ ಹೆಸರಿದೆ, 3ರಲ್ಲಿ ಖರಾಬು ಎಷ್ಟು, 11ರಲ್ಲಿ ಕೋರ್ಟ್ ಕೇಸು, ತಕರಾರು ಏನಾದರೂ ಇದೆಯಾ. ಊರಿನ ಹಳೇ ಭಾಗದಲ್ಲಿ, ಅಗ್ರಹಾರ, ಮೊಹಲ್ಲಾಗಳ ಕಡೆ, ಪಹಣಿ ಸಿಗುವುದಿಲ್ಲ. ಅಲ್ಲಿ ನಗರ ಮಾಪನ ಇಲಾಖೆಯ ದಾಖಲೆ ಕೇಳಬೇಕು.

ಖರಾಬಿನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಅರ್ಧ ಜಗಳ ಅಲ್ಲೇ ಇರುತ್ತದೆ. ಎ ಖರಾಬು ಅಂದರೆ ಬಂಡೆ, ಗುಡ್ಡ, ಬೇಸಾಯಕ್ಕೆ ಬಾರದ ನೆಲ. ಬಿ ಖರಾಬು ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನದಂಥದ್ದು, ಸಾರ್ವಜನಿಕರ ಬಳಕೆಗೆ ಅಂತ ಬಿಟ್ಟದ್ದು. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರುಬಾರಹಳ್ಳಿ ಸರ್ವೆ ನಂಬರ್ 4, ಆಲನಹಳ್ಳಿ ಸರ್ವೆ ನಂಬರ್ 41 ಅಂದರೆ ಸಾಕು. ಬಿ ಖರಾಬು ಅನ್ನುವ ಒಂದು ಮಾತಿಗೆ ಸಿದ್ಧಾರ್ಥನಗರ, ಕೆ.ಸಿ. ಬಡಾವಣೆ, ಜೆ.ಸಿ. ಬಡಾವಣೆಯವರು ಖಾತೆಗೆ, ನಕ್ಷೆಗೆ ವರ್ಷಗಟ್ಟಲೆ ಅಲೆದದ್ದು ಊರಿಗೇ ಗೊತ್ತು. ಬಡವರಿಗೆ ಅಂತ ಕಟ್ಟಿದ ಮನೆಗೂ ಇದೇ ಗತಿ ಆಗಬಾರದು ಅಲ್ವಾ? ಆದ್ದರಿಂದ ಖರಾಬಿನ ಪ್ರಶ್ನೆ ಎತ್ತುವುದು ಯೋಜನೆಗೆ ಅಡ್ಡಗಾಲು ಹಾಕಿದ ಹಾಗಲ್ಲ. ನಾಳೆ ಬೀಗದ ಕೈ ಹಿಡಿದು ಬರುವವರಿಗೆ ಮಾಡುವ ಉಪಕಾರ.

ಸರ್ಕಾರಿ ಜಾಗ ಅಂದರೆ ಯಾರ ಜಾಗ?

ಜನ ಎಲ್ಲವನ್ನೂ ಸರ್ಕಾರಿ ಜಾಗ ಅಂದುಬಿಡುತ್ತಾರೆ. ಕಾಗದದಲ್ಲಿ ಹಾಗಿಲ್ಲ. ಪಾಲಿಕೆ ಸ್ವಂತ ಆಸ್ತಿ ಬೇರೆ, ಕಂದಾಯ ಇಲಾಖೆಯ ಗೋಮಾಳ ಬೇರೆ, ಮುಡಾ ಜಾಗ ಬೇರೆ. ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಆಗಿದೆ, ಆದರೆ ಆಟೋದವರಿಗೆ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯ ಮುಡಾ ಆಫೀಸು ಅಂದರೇನೇ ಗೊತ್ತಾಗುವುದು. ಪಾಲಿಕೆ ಜಾಗವಾದರೆ ಮಾತು ಪಾಲಿಕೆಯಲ್ಲಿ. ಗೋಮಾಳವಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಯಾಕೆಂದರೆ 1964ರ ಭೂಕಂದಾಯ ಕಾಯ್ದೆ ಪ್ರಕಾರ ಅದನ್ನು ಬೇರೆ ಸಾರ್ವಜನಿಕ ಕೆಲಸಕ್ಕೆ ಕಾಯ್ದಿರಿಸುವ ಕೆಲಸ ಅಲ್ಲಿಂದಲೇ ಆಗಬೇಕು.

ಮಂಡ್ಯದ ಓದುಗರಿಗೆ ಒಂದು ಮಾತು. ನಿಮ್ಮದು ನಗರಸಭೆ, ಅದಕ್ಕೆ 1964ರ ಪುರಸಭೆಗಳ ಕಾಯ್ದೆ. ನಮ್ಮದು ಮಹಾನಗರ ಪಾಲಿಕೆ, 1976ರ ಕಾಯ್ದೆ. ಅರ್ಜಿಯಲ್ಲಿ ಕಾಯ್ದೆ ಹೆಸರು ಅದಲುಬದಲು ಮಾಡಬೇಡಿ. ನಿಮ್ಮಲ್ಲೂ ಮುಡಾ ಅಂತ ಒಂದಿದೆ, ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರ. ಲಕೋಟೆ ಮೇಲೆ ಸುಮ್ನೆ ಮುಡಾ ಅಂತ ಬರೆಯದೆ ಪೂರ್ತಿ ಹೆಸರು ಬರೆಯಿರಿ. ವಿಶ್ವೇಶ್ವರಯ್ಯ ನಾಲೆ ಏರಿ ಪಕ್ಕದ ಜಾಗವಾದರೆ ನಗರಸಭೆಯ ಜೊತೆಗೆ ನೀರಾವರಿ ನಿಗಮವನ್ನೂ ಕೇಳಬೇಕು.

ಬಡಾವಣೆ ಒಳಗಿನ ಖಾಲಿ ಜಾಗವಾದರೆ ಇನ್ನೊಂದು ಕಾಗದ ಬೇಕೇ ಬೇಕು: ಬಡಾವಣೆಗೆ ಅನುಮೋದನೆ ಆದಾಗಿನ ಮೂಲ ನಕ್ಷೆ. ನಿಮ್ಮ ಜಾಗ ಅದರಲ್ಲಿ ಪಾರ್ಕಾ, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಸಿಎ ಸೈಟಾ, ಅಥವಾ ಉಳಿಕೆ ಜಾಗವಾ? ಹಳೇ ಬಡಾವಣೆಯವರು ನಕ್ಷೆ ಕೇಳುವಾಗ ಸಿಐಟಿಬಿ ಕಾಲದ್ದು ಅಂತ ಸೇರಿಸಿ ಕೇಳಿ. ಪ್ಲೇಗ್ ಬಂದು ಹೋದ ಮೇಲೆ ಊರು ಹಿಗ್ಗಿಸಲು 1903ರಲ್ಲಿ ಮಾಡಿದ ನಗರ ಸುಧಾರಣಾ ಟ್ರಸ್ಟ್ ಮಂಡಳಿಯೇ ಸಿಐಟಿಬಿ. 1988ರಲ್ಲಿ ಮುಡಾ ಬರುವವರೆಗೆ ಬಡಾವಣೆ ಮಾಡಿದ್ದು ಅದೇ. ಆ ಹೆಸರು ಹೇಳದಿದ್ದರೆ "ದಾಖಲೆ ಲಭ್ಯವಿಲ್ಲ" ಅನ್ನುವ ಒಂದೇ ಸಾಲಿನ ಉತ್ತರ ಬರುವ ಸಾಧ್ಯತೆ ಜಾಸ್ತಿ.

ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದರೆ ನಿಮ್ಮ ಕೈ ಗಟ್ಟಿ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ ಅಂತಲೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಇಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಹೈಕೋರ್ಟ್ ರದ್ದು ಮಾಡಿತು, ಸುಪ್ರೀಂ ಕೋರ್ಟ್ 1991ರಲ್ಲಿ ಅದನ್ನು ಎತ್ತಿ ಹಿಡಿಯಿತು. ಆ ಕೇಸಿಗೆ ಹೋದವರು ಅದೇ ಬಡಾವಣೆಯ ನಿವಾಸಿಗಳು. ನಕ್ಷೆಯಲ್ಲಿ ಪಾರ್ಕ್ ಅಂತ ಇಲ್ಲದೆ ನಾವೇ 20 ವರ್ಷದಿಂದ ಪಾರ್ಕ್ ಅಂತ ಕರೆಯುತ್ತಿದ್ದರೆ? ಆಗ ಆ ವಾದ ನಿಲ್ಲುವುದು ಕಷ್ಟ. ನಮ್ಮ ಬಯಲು ಹಾಗೇ ಆಯಿತು.

ಇನ್ನು ಮಹಾಯೋಜನೆ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಗೊತ್ತುಮಾಡುವ ಮಾಸ್ಟರ್ ಪ್ಲಾನ್. ಮೈಸೂರು ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದ ಮಹಾಯೋಜನೆ 2031ರ ನಕ್ಷೆ ತೆಗೆದು ಬಣ್ಣ ನೋಡಿ. ಹಳದಿ ವಸತಿ, ಹಸಿರು ಉದ್ಯಾನ, ಕೆಂಪು ಸಾರ್ವಜನಿಕ ಬಳಕೆ. ಹಳದಿ ಅಲ್ಲದ ಕಡೆ ಮನೆ ಕಟ್ಟಬೇಕಾದರೆ ಮೊದಲು ಭೂ ಬಳಕೆ ಬದಲಾವಣೆ ಆಗಬೇಕು. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಒಳಪುಟದ ಮೂಲೆಯಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ ಇರುತ್ತದೆ. ಕೊನೇ ದಿನಾಂಕ ಅದರಲ್ಲೇ ಇರುತ್ತದೆ, ದಾಟಿದರೆ ಮುಗಿಯಿತು. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ದಿನಾ ಅದನ್ನೇ ಓದುತ್ತಾರೆ. ನಿಮ್ಮಲ್ಲೂ ಅಂಥ ಒಬ್ಬರನ್ನು ಹುಡುಕಿ.

ಫೈಲು ಎಲ್ಲಿದೆ ಅಂತ ತಿಳಿಯುವುದು

ಪಾಲಿಕೆಯಲ್ಲಿ ಚುನಾಯಿತ ಕೌನ್ಸಿಲ್ ಇದ್ದಾಗ ದಾರಿ ಹೀಗಿರುತ್ತದೆ: ಅಧಿಕಾರಿಗಳ ಟಿಪ್ಪಣಿ, ಆಮೇಲೆ ನಗರ ಯೋಜನೆಯ ಸ್ಥಾಯಿ ಸಮಿತಿ, ಆಮೇಲೆ ಕೌನ್ಸಿಲ್ ಸಭೆ. ಪಾಲಿಕೆ ಆಸ್ತಿಯನ್ನು ಮಾರುವುದಾದರೆ, ದೀರ್ಘಾವಧಿ ಗುತ್ತಿಗೆಗೆ ಕೊಡುವುದಾದರೆ ಅಷ್ಟಕ್ಕೇ ಮುಗಿಯುವುದಿಲ್ಲ, ಸರ್ಕಾರದ ಅನುಮೋದನೆಯೂ ಬೇಕು. ಅಂದರೆ ಕೌನ್ಸಿಲ್ ಪಾಸು ಮಾಡಿದ ಮೇಲೂ ಬೆಂಗಳೂರಿನ ನಗರಾಭಿವೃದ್ಧಿ ಇಲಾಖೆಗೆ ಬರೆಯಲು ನಿಮಗೆ ಸಮಯ ಇರುತ್ತದೆ.

ಕೌನ್ಸಿಲ್ ಸಭೆಯಲ್ಲಿ ಮಾತಾಡುವ ಹಕ್ಕು ಸದಸ್ಯರಿಗೆ, ನಮಗಲ್ಲ. ಶಾಸಕರು, ಸಂಸದರೂ ಅಲ್ಲಿ ಸದಸ್ಯರೇ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಸ್ಥಾಯಿ ಸಮಿತಿ ಹಂತದಲ್ಲೇ ಯಾರಾದರೂ ಒಬ್ಬ ಸದಸ್ಯರ ಕೈಗೆ ನಿಮ್ಮ ಒಂದು ಪುಟ ಕೊಡಿ. ಸಭೆಯ ದಿನ ಬೆಳಗ್ಗೆ ಕೊಟ್ಟ ಕಾಗದವನ್ನು ಯಾರೂ ಓದುವುದಿಲ್ಲ. ವಿಷಯ ಪಟ್ಟಿಯಲ್ಲಿ ಇಲ್ಲದೆ ಸಭೆಯಲ್ಲೇ ದಿಢೀರಂತ ಬರುವ ಹೆಚ್ಚುವರಿ ವಿಷಯಗಳ ಮೇಲೂ, "ಘಟನೋತ್ತರ ಅನುಮೋದನೆ" ಅನ್ನುವ ಪದದ ಮೇಲೂ ಒಂದು ಕಣ್ಣಿಡಿ. ಕೆಲಸ ಮಾಡಿಬಿಟ್ಟು ಆಮೇಲೆ ಒಪ್ಪಿಗೆ ಕೇಳುವುದಕ್ಕೆ ಹಾಗನ್ನುತ್ತಾರೆ.

ಕೌನ್ಸಿಲ್ ಇಲ್ಲದಿದ್ದರೆ? 2018ರಲ್ಲಿ ಆರಿಸಿ ಬಂದ 65 ವಾರ್ಡುಗಳ ಕೌನ್ಸಿಲ್ಲಿನ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿ ಬಂದರು. ಅಂಥ ಕಾಲದಲ್ಲಿ ಕೌನ್ಸಿಲ್ ಮಾಡುವ ತೀರ್ಮಾನವನ್ನು ಆಡಳಿತಾಧಿಕಾರಿಯೇ ಮಾಡುತ್ತಾರೆ. ಸಭೆಯೂ ಇಲ್ಲ, ಗಲಾಟೆಯೂ ಇಲ್ಲ, ಒಂದು ಸಹಿ. ಆಗ ನಿಮ್ಮ ಕಾಗದ ಫೈಲಿನ ಒಳಗೆ ಸೇರಿರುವುದು ಇನ್ನೂ ಮುಖ್ಯ. ಅರ್ಜಿಯನ್ನು ಆಯುಕ್ತರಿಗೊಂದು, ಆಡಳಿತಾಧಿಕಾರಿಗೊಂದು ಕೊಡಿ. ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸದೆ ಹೊರಗೆ ಬರಬೇಡಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ನಗುತ್ತಾ ಅಲ್ಲೇ ನಿಂತಿರಿ. ಮುದ್ರೆ ಬೀಳುತ್ತದೆ.

ಫೈಲಿನ ಒಳಗೇನಿದೆ ಅಂತ ನೋಡಲು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಶುಲ್ಕ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಆಗುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಆದ್ದರಿಂದ ಕಥೆ ಬೇಡ. "ಯಾಕೆ ಕೊಟ್ಟಿರಿ, ಇದು ನ್ಯಾಯವಾ" ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ವಾಪಸು ಬರುತ್ತದೆ. "ಇಂಥ ಸರ್ವೆ ನಂಬರಿನ ವಸತಿ ಪ್ರಸ್ತಾವನೆಯ ಕಡತವನ್ನು, ಟಿಪ್ಪಣಿ ಹಾಳೆಗಳ ಸಮೇತ, ಪರಿಶೀಲಿಸಲು ಅವಕಾಶ ಕೊಡಿ" ಅಂತ ಬರೆಯಿರಿ. ಪ್ರತಿ ಕೇಳುವುದಕ್ಕಿಂತ ಪರಿಶೀಲನೆ ಕೇಳುವುದು ಒಳ್ಳೆಯದು ಅಂತ ನನ್ನ ಅನುಭವ. ಫೈಲಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಯಾವ ಪುಟ ಬೇಕು ಅಂತ ಹೇಗೆ ಕೇಳುತ್ತೀರಿ? ಕೂತು ಓದಿ, ಬೇಕಾದ ಪುಟಕ್ಕೆ ಮಾತ್ರ 2 ರೂಪಾಯಿ ಕೊಟ್ಟು ನಕಲು ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ.

ಪ್ರಸ್ತಾವನೆ ಓದುವುದು ಹೇಗೆ

ಕೈಗೆ ಸಿಕ್ಕ ಮೇಲೆ ಮೊದಲ ಪುಟದ ಹೊಗಳಿಕೆ ಬಿಟ್ಟು ನೇರವಾಗಿ ಒಂದು ಪ್ರಶ್ನೆಗೆ ಉತ್ತರ ಹುಡುಕಿ. ಯಾರಿಗೆ ಮನೆ? "ಕೈಗೆಟುಕುವ ದರದ ವಸತಿ" ಅಂತ ತಲೆಬರಹ ಹಾಕಿ ಒಳಗೆ ಯಾರಿಗೋ ಎಟುಕುವ ದರ ಬರೆದಿರಬಹುದು. 2015ರ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಆರ್ಥಿಕವಾಗಿ ಹಿಂದುಳಿದವರು ಅಂದರೆ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬ, ಮನೆ 30 ಚದರ ಮೀಟರ್ ಒಳಗೆ. ಪಾಲುದಾರಿಕೆಯ ಯೋಜನೆಗೆ ಕೇಂದ್ರದ ಸಹಾಯಧನ ಸಿಗಬೇಕಾದರೆ ಕನಿಷ್ಠ 250 ಮನೆ, ಅದರಲ್ಲಿ ಶೇ. 35 ಈ ವರ್ಗಕ್ಕೆ ಅಂತ ಇತ್ತು. ಹಾಗಾದರೆ ಉಳಿದ ಶೇ. 65 ಯಾರಿಗೆ, ಯಾವ ಬೆಲೆಗೆ? ಜಾಗ ಪೂರ್ತಿ ಸಾರ್ವಜನಿಕರದ್ದಾಗಿರುವಾಗ ಈ ಪ್ರಶ್ನೆ ಕೇಳಲೇಬೇಕು.

30 ಚದರ ಮೀಟರ್ ಅಂದರೆ ಸುಮಾರು 323 ಚದರ ಅಡಿ. ನಮ್ಮ 30-40 ಸೈಟಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಐದು ಜನ. ಅದನ್ನು ಮನೆಯ ಹಾಲ್‌ನಲ್ಲಿ ಟೇಪು ಹಿಡಿದು ಒಮ್ಮೆ ಅಳೆದು ನೋಡಿ, ಆಗ ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಮಕ್ಕಳು ಎಲ್ಲಿ ಓದುತ್ತಾರೆ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ.

ಮುಂದೆ ಮಾಲೀಕತ್ವ. ಜಾಗ ಕ್ರಯಕ್ಕೆ ಹೋಗುತ್ತಿದೆಯಾ, ಗುತ್ತಿಗೆಗಾ? ಎಷ್ಟು ವರ್ಷ? ಕಟ್ಟುವವರು ಯಾರು, ಗೃಹ ಮಂಡಳಿಯಾ, ಕೊಳಗೇರಿ ಅಭಿವೃದ್ಧಿ ಮಂಡಳಿಯಾ, ಖಾಸಗಿಯವರಾ? ಖಾಸಗಿಯಾದರೆ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಆಗಿದೆಯಾ? ಫಲಾನುಭವಿಗಳ ಪಟ್ಟಿ ಆಗಿದೆಯಾ? ಆಶ್ರಯ ಮನೆಗಳ ಪಟ್ಟಿ ಮಾಡುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಆ ಪಟ್ಟಿಯನ್ನೂ ಕೇಳಿ ಪಡೆಯಬಹುದು.

ನೀರು, ಒಳಚರಂಡಿ ಬಗ್ಗೆ ಪ್ರಸ್ತಾವನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ, "ಲಭ್ಯವಿದೆ" ಅಂತ. ವಾಣಿ ವಿಲಾಸ ನೀರು ಸರಬರಾಜಿನವರು ಲಿಖಿತವಾಗಿ ಒಪ್ಪಿದ್ದಾರಾ ಅಂತ ನೋಡಿ. ಒಳಚರಂಡಿ ನೀರು ಯಾವ ಶುದ್ಧೀಕರಣ ಘಟಕಕ್ಕೆ ಹೋಗಿ ಸೇರುತ್ತದೆ, ಕೆಸರೆ ಕಡೆಗಾ, ವಿದ್ಯಾರಣ್ಯಪುರಂ ಕಡೆಗಾ, ರಾಯನಕೆರೆ ಕಡೆಗಾ? ಉತ್ತರ ಗೊತ್ತಿಲ್ಲದ ಎಂಜಿನಿಯರ್ ಸಿಕ್ಕರೆ ಅದೇ ಒಂದು ಉತ್ತರ.

ಯಾರೂ ಕೇಳದ ಪ್ರಶ್ನೆ ನಿರ್ವಹಣೆಯದ್ದು. ಜಿ ಪ್ಲಸ್ ತ್ರೀ ಅಂದರೆ ಲಿಫ್ಟ್ ಇಲ್ಲದ ಮೂರನೇ ಮಹಡಿ. ಮಂಡಿ ನೋವಿನ ಅಜ್ಜಿಗೆ ಚೀಟಿ ಎತ್ತಿ ಮೂರನೇ ಮಹಡಿ ಕೊಟ್ಟರೆ ಅವರು ಕೆಳಗೇ ಇಳಿಯುವುದಿಲ್ಲ. ಮೆಟ್ಟಿಲ ದೀಪದ ಬಿಲ್ ಯಾರು ಕಟ್ಟುವುದು? ಸಂಪಿನ ಮೋಟಾರ್ ಸುಟ್ಟರೆ ಯಾರು ರಿಪೇರಿ ಮಾಡಿಸುವುದು? ಇದು ಕಾಗದದಲ್ಲಿ ಇಲ್ಲದಿದ್ದರೆ ಮೂರನೇ ವರ್ಷಕ್ಕೆ ಗೋಡೆಯಲ್ಲಿ ಆಲದ ಸಸಿ ಬರುತ್ತದೆ, ಆಮೇಲೆ "ಇವರಿಗೆ ಮನೆ ಕೊಟ್ಟರೆ ಇಟ್ಟುಕೊಳ್ಳಲು ಬರಲ್ಲ" ಅಂತ ನಾವೇ ಆಡಿಕೊಳ್ಳುತ್ತೇವೆ.

ಇಲ್ಲಿ ಒಂದು ಕಹಿ ಮಾತು. ನಮ್ಮ ಮೊದಲ ಅರ್ಜಿಯಲ್ಲಿ "ಇಂಥವರು ಬಂದರೆ ಬಡಾವಣೆ ಕೆಡುತ್ತದೆ" ಅಂತ ಒಂದು ಸಾಲಿತ್ತು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಆ ಸಾಲು ಓದಿದ ಯಾವ ಅಧಿಕಾರಿಯೂ ಮುಂದಿನದನ್ನು ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರು ಎರಡು ಬಸ್ಸು ಹಿಡಿದು ಬರುತ್ತಾರೆ. ಅವರ ಮನೆ ಇಲ್ಲೇ ಆಗುವುದರಲ್ಲಿ ಕೆಡುವುದು ಏನು?

ಒಂದು ಪುಟದ ಅರ್ಜಿ

ಎರಡನೇ ಸಲ ನಾವು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ವಿಷಯ: ಸರ್ವೆ ನಂಬರ್ ಇಷ್ಟು, ವಿಸ್ತೀರ್ಣ ಇಷ್ಟು, ಈ ಜಾಗದ ವಸತಿ ಪ್ರಸ್ತಾವನೆಗೆ ಷರತ್ತುಗಳ ಕೋರಿಕೆ. ಈ ಜಾಗದಲ್ಲಿ ಮನೆ ಕಟ್ಟುವುದಕ್ಕೆ ನಮ್ಮ ವಿರೋಧವಿಲ್ಲ. ಮಳೆ ನೀರು ನಿಲ್ಲುವ ಭಾಗ ಪಹಣಿಯಲ್ಲಿ ಬಿ ಖರಾಬು ಎಂದು ಇದೆ, ಪ್ರತಿ ಲಗತ್ತಿಸಿದೆ. ಅದನ್ನು ಕೈಬಿಟ್ಟು ನಕ್ಷೆ ತಯಾರಿಸಬೇಕು. ನೆಲಮಹಡಿಯ ಮನೆಗಳನ್ನು ಮೊದಲು ವೃದ್ಧರು, ಅಂಗವಿಕಲರು ಇರುವ ಕುಟುಂಬಗಳಿಗೆ ಕೊಡಬೇಕು. ನೆಲಮಹಡಿಯಲ್ಲಿ ಅಂಗನವಾಡಿಗೆ ಒಂದು ಕೊಠಡಿ ಇಡಬೇಕು. ಈ ಮೂರನ್ನೂ ನಿರ್ಣಯದಲ್ಲಿ ಷರತ್ತಾಗಿ ಸೇರಿಸಲು ಕೋರುತ್ತೇವೆ."

ಅಷ್ಟೇ. ಪಹಣಿ, 5 ಸ್ಕ್ರೀನ್‌ಶಾಟ್, ಮಳೆಗಾಲದ 2 ಫೋಟೋ ಲಗತ್ತು. ಸಹಿ 11. 60 ಬೇಕಾಗಿಲ್ಲ, ಫೋನ್ ಮಾಡಿದರೆ ಎತ್ತಿ ವಿಷಯ ಹೇಳಬಲ್ಲ 11 ಜನ ಸಾಕು.

ಷರತ್ತು ಬರೆಯುವಾಗ "ಸೂಕ್ತ ಕ್ರಮ ಕೈಗೊಳ್ಳಬೇಕು" ಅಂತ ಬರೆಯಬೇಡಿ. ಸೂಕ್ತ ಕ್ರಮ ಅಂದರೆ ಫೈಲಿಗೆ ದಾರ ಕಟ್ಟಿ ಇಡುವುದೂ ಆಗಬಹುದು. ಯಾರು, ಏನು, ಎಷ್ಟು ಅಂತ ಬರೆಯಿರಿ.

ತೀರ್ಮಾನ ಆದ ಮೇಲೆ ಪತ್ರಿಕೆ ವರದಿ ನಂಬಿ ಕೂರಬೇಡಿ, ನಡವಳಿಯ ದೃಢೀಕೃತ ಪ್ರತಿ ತೆಗೆಸಿ. ಬೋರ್ಡು ನಿಂತು ಪಾಯ ತೋಡುವ ದಿನ ನಕ್ಷೆ ಜೊತೆ ಹೋಲಿಸಿ ನೋಡಲು ಅದೇ ಆಧಾರ. ನಮ್ಮದು 4 ಪುಟ, 8 ರೂಪಾಯಿ. ಕೊನೇ ಪುಟದಲ್ಲಿ ನಮ್ಮ ಮೂರು ಷರತ್ತಿನಲ್ಲಿ ಎರಡು ಇದ್ದವು. ಅಂಗನವಾಡಿ ಇರಲಿಲ್ಲ. ಮೇಷ್ಟ್ರು ಮೊನ್ನೆ ಅದಕ್ಕೆ ಇನ್ನೊಂದು ಅರ್ಜಿ ಬರೆದು ತಂದರು, ಒಂದೂವರೆ ಪುಟ ಆಗಿತ್ತು, ಅರ್ಧ ಪುಟ ಹೊಡೆದು ಹಾಕಿ ಸೋಮವಾರ ಕೊಡಲು ಇಟ್ಟಿದ್ದೇವೆ.